ವಾಹನದ ಎರಡನೇ ಬ್ಯಾಟರಿ, ಅಂದರೆ ಲಿಥಿಯಂ ಬ್ಯಾಟರಿ, ಕೈಕೊಟ್ಟಾಗ: ಹುಡುಕಾಟ ಎಲ್ಲಿಂದ ಶುರು ಮಾಡಬೇಕು?

ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ನಮ್ಮ ಕೊಡಗಿನ ಹಬ್ಬ ಕೈಲ್‌ಮುಹೂರ್ತದ ಹೊತ್ತಿಗೆ ಮಳೆ ತುಸು ಹಿಂದೆ ಸರಿಯುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಜೀಪುಗಳು, ಪಿಕಪ್‌ಗಳು ಹೊರಗೆ ಬರುತ್ತವೆ. ಆಗ ನನಗೆ ಬರುವ ಕರೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು: "ಲಿಥಿಯಂ ಬ್ಯಾಟರಿ ಸತ್ತುಹೋಗಿದೆ ಅಣ್ಣ, ಹೊಸದಕ್ಕೆ ಎಷ್ಟಾಗುತ್ತದೆ?" ಹೋಗಿ ನೋಡಿದರೆ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ. ಕಿಲುಬು ಹಿಡಿದ ಫ್ಯೂಸ್, ಸಡಿಲವಾದ ಲಗ್ (ತಂತಿಯ ತುದಿಯ ಲೋಹದ ಬಳೆ) ಅಥವಾ ಇಲಿ ಕಡಿದ ತಂತಿ, ಹೆಚ್ಚಾಗಿ ಈ ಮೂರರಲ್ಲಿ ಒಂದು ಸಿಗುತ್ತದೆ. ಕೆಲವರು ಆ ಹೊತ್ತಿಗಾಗಲೇ ಹೊಸ ಬ್ಯಾಟರಿ ತಂದು ಕೂರಿಸಿ, ಅದೂ ಕೆಲಸ ಮಾಡದೆ ತಲೆ ಮೇಲೆ ಕೈ ಹೊತ್ತಿರುತ್ತಾರೆ.

ಬಹುಪಾಲು ಜನ ತಪ್ಪುವುದು ಅಳತೆಯಲ್ಲಿ ಅಲ್ಲ, ಅಳತೆಯ ಅನುಕ್ರಮದಲ್ಲಿ. ಬ್ಯಾಟರಿಯನ್ನು ಶಂಕಿಸಬೇಕಾದದ್ದು ಕೊನೆಗೆ. ಅದಕ್ಕೂ ಮೊದಲು ಅದರ ಸುತ್ತಲಿನದೆಲ್ಲ ಪರೀಕ್ಷೆಯಾಗಬೇಕು.

ನಾನು ಇಲ್ಲಿ ಹೇಳುತ್ತಿರುವುದು ಫ್ರಿಜ್, ದೀಪ, ಇನ್ವರ್ಟರ್‌ಗಳಿಗೆಂದು ಪ್ರತ್ಯೇಕವಾಗಿ ಕೂರಿಸಿದ 12 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವಿಷಯ. ಅದರೊಳಗೆ 3.2 ವೋಲ್ಟಿನ ನಾಲ್ಕು ಸೆಲ್ ಸಾಲುಗಳೂ ಅವುಗಳನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟೂ ಇರುತ್ತವೆ. ಎಂಜಿನ್ ಕಡೆಯ ವೋಲ್ಟೇಜನ್ನು ಈ ಬ್ಯಾಟರಿಗೆ ಹೊಂದಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಮೂಲಕ ಕರೆಂಟ್ ಬರುತ್ತದೆ. ವಿದ್ಯುತ್ ಕಾರಿನ ದೊಡ್ಡ ಬ್ಯಾಟರಿಗೆ ಇದು ಯಾವುದೂ ಅನ್ವಯಿಸುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ, ಅದು ಹೈ ವೋಲ್ಟೇಜಿನದು.

## ಬೇಕಾದ ಸಾಮಾನು

ಒಂದು ಮಲ್ಟಿಮೀಟರ್ ಸಾಕು, ಆದರೆ ಮಿಲಿವೋಲ್ಟ್ ತೋರಿಸಬೇಕು. ಕ್ಲ್ಯಾಂಪ್ ಮೀಟರ್ ಕೊಳ್ಳುವಾಗ ಡಿಸಿ ಕರೆಂಟ್ ಅಳೆಯುತ್ತದೆಯೇ ಎಂದು ಕೇಳಿ ಕೊಳ್ಳಿ. ಅಗ್ಗದವು ಎಸಿ ಮಾತ್ರ ಅಳೆಯುತ್ತವೆ, ಬ್ಯಾಟರಿ ತಂತಿಗೆ ಹಾಕಿದರೆ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತವೆ. 55 ವಾಟಿನ ಹಳೆಯ ಹೆಡ್‌ಲೈಟ್ ಬಲ್ಬುಗಳು ಎರಡು, ಇನ್ನೂ ಎರಡಿದ್ದರೆ ಒಳ್ಳೆಯದು. ಲಿಥಿಯಂಗೆಂದೇ ಮಾಡಿದ ಚಾರ್ಜರ್, ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿದ ಸ್ಪ್ಯಾನರ್, ತಂತಿ ಬ್ರಷ್, ಮರಳು ಕಾಗದ. ಬಿಎಂಎಸ್‌ಗೆ ಬ್ಲೂಟೂತ್ ಇದ್ದರೆ ಅದರ ಆ್ಯಪ್ ಮೊಬೈಲಿನಲ್ಲಿರಲಿ. ಪುಸ್ತಕ, ಪೆನ್ನು ಮರೆಯಬೇಡಿ. ಬರೆದಿಟ್ಟುಕೊಳ್ಳದವರು ಒಂದೇ ಜಾಗವನ್ನು ನಾಲ್ಕು ಸಲ ಅಳೆಯುತ್ತಾರೆ.

ಉಂಗುರ, ಕಡಗ, ಲೋಹದ ಪಟ್ಟಿಯ ಗಡಿಯಾರ ತೆಗೆದಿಡಿ. ನಮ್ಮ ಕಡೆಯ ಹಳೆಯ ಮೆಕ್ಯಾನಿಕ್‌ಗಳಿಗೆ ಪ್ಲಸ್‌ನಿಂದ ಮೈನಸ್‌ಗೆ ತಂತಿ ತಾಗಿಸಿ ಕಿಡಿ ಹಾರಿಸಿ ಬ್ಯಾಟರಿ ನೋಡುವ ಅಭ್ಯಾಸವಿದೆ. ಲಿಥಿಯಂ ಬ್ಯಾಟರಿಯ ಹತ್ತಿರ ಅದನ್ನು ಮಾಡಲು ಯಾರಿಗೂ ಬಿಡಬೇಡಿ. ಕ್ಷಣಾರ್ಧದಲ್ಲಿ ನೂರಾರು ಆಂಪಿಯರ್ ಹರಿದು ತಂತಿ ಕೆಂಪಗಾಗುತ್ತದೆ, ಇಲ್ಲವೇ ಬಿಎಂಎಸ್ ಸುಡುತ್ತದೆ.

## ಹಂತ 1: ಮೀಟರ್ ಹಿಡಿಯುವ ಮೊದಲು ಕಣ್ಣು, ಮೂಗು, ಕೈ

ಬ್ಯಾಟರಿಯ ಮೈ ಉಬ್ಬಿದೆಯೇ? ಸಿಹಿ ಮಿಶ್ರಿತ ದ್ರಾವಕದಂಥ ವಾಸನೆ ಬರುತ್ತಿದೆಯೇ? ಚಾರ್ಜೂ ಇಲ್ಲ, ಲೋಡೂ ಇಲ್ಲ, ಆದರೂ ಬಿಸಿಯಾಗಿದೆಯೇ? ಒಳಗೆ ನೀರು ಹೋಗಿದೆಯೇ? ಒಂದಕ್ಕೆ ಹೌದೆಂದರೂ ಪರೀಕ್ಷೆ ಅಲ್ಲಿಗೇ ಮುಗಿಯಿತು. ಸುರಕ್ಷಿತವಾಗಿ ಬಿಚ್ಚಲು ಸಾಧ್ಯವಾದರೆ ಬಿಚ್ಚಿ ಮನೆಯಿಂದ, ಕಾಫಿ ಚೀಲಗಳ ರಾಶಿಯಿಂದ ದೂರ ಇಡಿ. ಹೊಗೆ ಬಂದರೆ ಬ್ಯಾಟರಿ ಉಳಿಸಲು ಹೋಗದೆ ಜನರನ್ನು ದೂರ ಕಳುಹಿಸಿ 112ಕ್ಕೆ ಕರೆ ಮಾಡಿ. ಈ ಜಾತಿಯ ಲಿಥಿಯಂಗೆ ಬೆಂಕಿ ಹತ್ತುವುದು ಅಪರೂಪ, ಆದರೆ ಅದರಿಂದ ಹೊರಬರುವ ಆವಿ ಹೊತ್ತಿಕೊಳ್ಳುತ್ತದೆ.

ಹಾಗೇನೂ ಇಲ್ಲದಿದ್ದರೆ ತಂತಿಯ ಜಾಡು ಹಿಡಿದು ಉದ್ದಕ್ಕೂ ನೋಡುತ್ತ ಹೋಗಿ. ಹಸಿರು ಕಿಲುಬು, ಕರಗಿದ ಫ್ಯೂಸ್ ಹೋಲ್ಡರ್, ಬಣ್ಣ ಕಂದಿದ ಲಗ್, ಹಲ್ಲಿನ ಗುರುತು ಸಿಗಬಹುದು. ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ವಾಹನವಾದರೆ ಸೀಟಿನ ಕೆಳಗೆ, ಕಾರ್ಪೆಟಿನ ಅಡಿಗೆ ಇಲಿಯ ಹಿಕ್ಕೆ ಇದೆಯೇ ಎಂದು ನೋಡುವುದು ಮೀಟರಿನಷ್ಟೇ ಉಪಯುಕ್ತ.

## ಹಂತ 2: ವಿಶ್ರಾಂತಿಯ ವೋಲ್ಟೇಜ್, ಎರಡು ಜಾಗದಲ್ಲಿ

ಎಲ್ಲ ಲೋಡ್ ಮತ್ತು ಚಾರ್ಜ್ ನಿಲ್ಲಿಸಿ ಒಂದು ಗಂಟೆ ಬಿಡಿ. ಮೊದಲು ಬ್ಯಾಟರಿಯ ಟರ್ಮಿನಲ್ ಮೇಲೇ ಅಳೆಯಿರಿ, ಆಮೇಲೆ ಫ್ಯೂಸ್ ಪೆಟ್ಟಿಗೆಯಲ್ಲಿ. ಎರಡೂ ಕಡೆ ಒಂದೇ ಅಂಕಿ ಬರಬೇಕು. ಟರ್ಮಿನಲ್‌ನಲ್ಲಿ 13.2 ಇದ್ದು ಪೆಟ್ಟಿಗೆಯಲ್ಲಿ ಸೊನ್ನೆ ಬಂದರೆ ಬ್ಯಾಟರಿಯನ್ನು ದೂರುವುದು ಬಿಟ್ಟು ನಡುವಿನ ಫ್ಯೂಸ್, ಸ್ವಿಚ್ ನೋಡಿ.

ಪೂರ್ತಿ ತುಂಬಿ ತಣಿದ ಬ್ಯಾಟರಿ 13.3ರಿಂದ 13.5 ವೋಲ್ಟ್ ತೋರಿಸುತ್ತದೆ. ಅರ್ಧ ಖಾಲಿಯಾದಾಗಲೂ 13.1ರ ಆಸುಪಾಸಿನಲ್ಲೇ ಇರುತ್ತದೆ. 12.8ಕ್ಕೆ ಇಳಿದರೆ ತಳ ಹತ್ತಿರವಾಯಿತು ಎಂದೇ ಅರ್ಥ. ಸೀಸದ ಬ್ಯಾಟರಿಯಲ್ಲಿ ಅದೇ 12.8 ಎಂದರೆ ತುಂಬಿದೆ ಎಂದರ್ಥ. ಹಳೆಯ ಲೆಕ್ಕ ತಲೆಯಲ್ಲಿಟ್ಟುಕೊಂಡು "ಫುಲ್ ಇದೆ" ಎಂದು ಹೊರಟು, ರಾತ್ರಿ ಹತ್ತಕ್ಕೆ ಕತ್ತಲಲ್ಲಿ ಕುಳಿತವರು ಬೇಕಾದಷ್ಟಿದ್ದಾರೆ. ನಡುವಿನ ಹಾದಿಯಲ್ಲಿ ಈ ಬ್ಯಾಟರಿಯ ವೋಲ್ಟೇಜ್ ಬೈಲು ಗದ್ದೆಯಷ್ಟು ಸಮತಟ್ಟು. ಆದ್ದರಿಂದ ಎಷ್ಟು ಚಾರ್ಜ್ ಉಳಿದಿದೆ ಎಂದು ವೋಲ್ಟಿನಿಂದ ಹೇಳಲು ಹೋಗಬೇಡಿ. ಅದಕ್ಕೆ ಶಂಟ್ (ಒಳಹೋಗುವ, ಹೊರಬರುವ ಕರೆಂಟನ್ನು ಅಳೆಯುವ ತುಂಡು) ಇರುವ ಬ್ಯಾಟರಿ ಮಾನಿಟರ್ ಬೇಕು. ಅದನ್ನೂ ಆಗಾಗ ಪೂರ್ತಿ ಚಾರ್ಜ್ ಮಾಡಿ ನೂರಕ್ಕೆ ಹೊಂದಿಸದಿದ್ದರೆ ಲೆಕ್ಕ ಜಾರುತ್ತ ಹೋಗುತ್ತದೆ.

## ಹಂತ 3: ಮೀಟರ್ ಸೊನ್ನೆ ತೋರಿಸಿದರೆ

ಟರ್ಮಿನಲ್‌ನಲ್ಲೇ ಸೊನ್ನೆ ಅಥವಾ ಮೂರು ನಾಲ್ಕು ವೋಲ್ಟ್ ಬಂದರೆ ಬ್ಯಾಟರಿ ಸತ್ತಿದೆ ಎಂದಲ್ಲ. ಸಾಮಾನ್ಯವಾಗಿ ಬಿಎಂಎಸ್ ಬಾಗಿಲು ಹಾಕಿಕೊಂಡಿರುತ್ತದೆ, ಅಂದರೆ ಹೊರಗಿನ ಸಂಪರ್ಕ ಕಡಿದಿರುತ್ತದೆ, ಅಷ್ಟೇ. ಸೆಲ್‌ಗಳು ತೀರಾ ಖಾಲಿಯಾದಾಗ, ಅತಿಯಾಗಿ ಕರೆಂಟ್ ಎಳೆದಾಗ, ಶಾರ್ಟ್ ಆದಾಗ, ಬಿಸಿ ಮಿತಿ ಮೀರಿದಾಗ ಅದು ಮಾಡಬೇಕಾದ ಕೆಲಸವೇ ಇದು.

ಮೊದಲು ಮೈನಸ್ ಲಗ್ ಬಿಚ್ಚಿ, ಎಲ್ಲ ಲೋಡ್ ಕಳಚಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಶಾರ್ಟ್ ಅಥವಾ ಹೆಚ್ಚು ಕರೆಂಟಿನಿಂದ ಮುಚ್ಚಿದ್ದರೆ ಹಲವು ಬ್ಯಾಟರಿಗಳು ತಾವೇ ತೆರೆದುಕೊಳ್ಳುತ್ತವೆ. ಖಾಲಿಯಾಗಿ ಮುಚ್ಚಿದ್ದರೆ ಚಾರ್ಜ್ ಕೊಟ್ಟು ಎಬ್ಬಿಸಬೇಕು. ಇಲ್ಲಿ ಒಂದು ತೊಡಕಿದೆ: ಸಾಮಾನ್ಯ ಚಾರ್ಜರ್ ಎದುರಿಗೆ ವೋಲ್ಟೇಜ್ ಕಾಣದಿದ್ದರೆ ಶುರುವಾಗುವುದೇ ಇಲ್ಲ. ಸೊನ್ನೆ ವೋಲ್ಟಿನಿಂದ ಎಬ್ಬಿಸುವ ಸೌಲಭ್ಯವಿರುವ ಲಿಥಿಯಂ ಚಾರ್ಜರ್ ಇದ್ದರೆ ಸುಲಭ.

ಇಲ್ಲವಾದರೆ ನಾನು ಮಾಡುವುದು ಹೀಗೆ. ಎಂಜಿನ್ ಬ್ಯಾಟರಿಯ ಮೈನಸ್‌ನಿಂದ ಲಿಥಿಯಂ ಮೈನಸ್‌ಗೆ ನೇರ ತಂತಿ. ಪ್ಲಸ್‌ನಿಂದ ಪ್ಲಸ್‌ಗೆ ಹೋಗುವ ತಂತಿಯ ನಡುವೆ ಒಂದು ಫ್ಯೂಸ್ ಮತ್ತು 55 ವಾಟಿನ ಹೆಡ್‌ಲೈಟ್ ಬಲ್ಬ್. ಬಲ್ಬ್ ನಡುವೆ ಇರುವುದರಿಂದ ಐದು ಆಂಪಿಯರ್‌ಗಿಂತ ಹೆಚ್ಚು ಹರಿಯಲಾರದು. ಸ್ವಲ್ಪ ಹೊತ್ತಿಗೆ ಲಿಥಿಯಂ ಟರ್ಮಿನಲ್‌ನಲ್ಲಿ ಹತ್ತು ಹನ್ನೊಂದು ವೋಲ್ಟ್ ಕಾಣಿಸುತ್ತದೆ. ಆಗ ಬಲ್ಬಿನ ದಾರಿ ಕಳಚಿ ಚಾರ್ಜರ್ ಹಚ್ಚಿ, 12 ವೋಲ್ಟ್ ದಾಟುವವರೆಗೆ ಐದಾರು ಆಂಪಿಯರ್‌ನಲ್ಲಿ ನಿಧಾನವಾಗಿ ತುಂಬಿಸಿ. ಆ ಹೊತ್ತಿನಲ್ಲಿ ಆ್ಯಪ್ ತೆರೆದು ನೋಡಿ. ಯಾವುದಾದರೂ ಸೆಲ್ 2 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜ್ ಮುಂದುವರಿಸಬೇಡಿ. ಅಷ್ಟು ಕೆಳಗೆ ಬಹಳ ದಿನ ಬಿದ್ದ ಸೆಲ್‌ನ ಒಳಗೆ ತಾಮ್ರ ಕರಗಿ ಶಾರ್ಟ್ ಆಗುವ ಅಪಾಯವಿದೆ.

ಪೇಟೆಯ ಹಳೆಯ ಚಾರ್ಜಿಂಗ್ ಅಂಗಡಿಗೆ ಕೊಟ್ಟು "ಬೂಸ್ಟ್" ಮಾಡಿಸಬೇಡಿ. ಅಲ್ಲಿನ ಯಂತ್ರಕ್ಕೆ ವೋಲ್ಟೇಜ್ ಕಟ್ಟುನಿಟ್ಟು ಇರುವುದಿಲ್ಲ. ಸೀಸದ ಬ್ಯಾಟರಿಗೆಂದಿರುವ, ಸಲ್ಫೇಟ್ ಬಿಡಿಸುವ (ಡಿಸಲ್ಫೇಷನ್) ಮೋಡ್ ಇರುವ ಚಾರ್ಜರ್ ಸಹ ಬೇಡ. ಈ ಬ್ಯಾಟರಿಗೆ 14.6 ವೋಲ್ಟ್ ಮೇಲಿನ ಗಡಿ; ಆ ಮೋಡ್ ಗಡಿ ದಾಟಿಯೇ ಕೆಲಸ ಮಾಡುತ್ತದೆ.

## ಹಂತ 4: ಚಾರ್ಜ್ ನಿಜಕ್ಕೂ ಒಳಗೆ ಬರುತ್ತಿದೆಯೇ?

ಎಂಜಿನ್ ಶುರು ಮಾಡಿ ನಾಲ್ಕು ಜಾಗದಲ್ಲಿ ಅಳೆಯಿರಿ: ಮುಖ್ಯ ಬ್ಯಾಟರಿಯ ಟರ್ಮಿನಲ್, ಡಿಸಿ-ಡಿಸಿ ಚಾರ್ಜರಿಗೆ ಬರುವ ಕಡೆ, ಅದರಿಂದ ಹೋಗುವ ಕಡೆ, ಲಿಥಿಯಂ ಟರ್ಮಿನಲ್. ನಾಲ್ಕು ಅಂಕಿಗಳನ್ನೂ ಸಾಲಾಗಿ ಬರೆಯಿರಿ. ಎಲ್ಲಿ ಅಂಕಿ ಕುಸಿಯುತ್ತದೋ ಅದರ ಹಿಂದಿನ ತುಂಡಿನಲ್ಲಿ ದೋಷವಿದೆ. ಜೊತೆಗೆ ಕ್ಲ್ಯಾಂಪ್ ಹಾಕಿ ಕರೆಂಟ್ ನೋಡಿ. ಬ್ಯಾಟರಿ ತುಂಬಿದ್ದರೆ ಕರೆಂಟ್ ಕಡಿಮೆಯಾಗುವುದು ಸಹಜ, ಆದ್ದರಿಂದ ಅರ್ಧ ಖಾಲಿಯಿದ್ದಾಗಲೇ ಈ ಪರೀಕ್ಷೆ ಮಾಡಿ.

ಹಳೆಯ ಜೀಪಿನ ಆಲ್ಟರ್ನೇಟರ್ ಸುಮಾರು 13.8ರಿಂದ 14.4 ಕೊಡುತ್ತಲೇ ಇರುತ್ತದೆ. ಈಚಿನ ಹಲವು ವಾಹನಗಳದ್ದು ಹಾಗಲ್ಲ. ಇಂಧನ ಉಳಿಸಲೆಂದು ಅವು ನಡುನಡುವೆ 12.5ರ ಸುತ್ತ ಇಳಿದು, ಆಕ್ಸಿಲರೇಟರ್ ಬಿಟ್ಟಾಗ ಮತ್ತೆ ಏರುತ್ತವೆ. ವೋಲ್ಟೇಜ್ ನೋಡಿ ಶುರುವಾಗುವ ಚಾರ್ಜರ್ ಆಗ ಎಂಜಿನ್ ನಿಂತಿದೆ ಎಂದುಕೊಂಡು ತಾನೂ ನಿಲ್ಲುತ್ತದೆ. ಇದನ್ನು ಕಂಡುಹಿಡಿಯಲು ನಮ್ಮ ರಸ್ತೆಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ: ಸುಂಟಿಕೊಪ್ಪ ದಾಟಿ ಕುಶಾಲನಗರಕ್ಕೆ ಇಳಿಯುವಾಗ ಚಾರ್ಜ್ ಆಗುತ್ತದೆ, ಮಡಿಕೇರಿಗೆ ಹತ್ತುವಾಗ ಆಗುವುದಿಲ್ಲ ಎಂದರೆ ಕಾಯಿಲೆ ಇದೇ. ಚಾರ್ಜರಿಗೆ ಇಗ್ನಿಷನ್ ತಂತಿಯ ಸಂಪರ್ಕ ಕೊಟ್ಟು, ಅದಕ್ಕೆ ತಕ್ಕ ಸೆಟ್ಟಿಂಗ್ ಮಾಡಿದರೆ ಸರಿಹೋಗುತ್ತದೆ.

ಇನ್ನೊಂದು ಪದೇ ಪದೇ ಕಾಣುವ ತಪ್ಪು: 30 ಆಂಪಿಯರಿನ ಚಾರ್ಜರಿಗೆ ಬರುವ ಕಡೆಯೂ 30ರ ಫ್ಯೂಸ್. ಹೊರಗೆ 14.4 ವೋಲ್ಟಿನಲ್ಲಿ 30 ಆಂಪಿಯರ್ ಕೊಡಬೇಕಾದರೆ 432 ವಾಟ್ ಬೇಕು. ಒಳಗೆ ಬರುವುದು 12.5 ವೋಲ್ಟ್, ಚಾರ್ಜರಿನಲ್ಲಿ ಹತ್ತನೇ ಒಂದು ಪಾಲು ಬಿಸಿಯಾಗಿ ಹೋಗುತ್ತದೆ ಎಂದಿಟ್ಟುಕೊಂಡರೆ ಅದು ಎಳೆಯುವುದು 38 ಆಂಪಿಯರ್. ಫ್ಯೂಸ್ ಸುಡುವುದು ಚಾರ್ಜರಿನ ತಪ್ಪಲ್ಲ. ತಂತಿಯ ದಪ್ಪ ಮತ್ತು ಕೈಪಿಡಿ ಎರಡನ್ನೂ ನೋಡಿ ಫ್ಯೂಸ್ ಆರಿಸಿ. ದಪ್ಪ ಫ್ಯೂಸ್ ಹಾಕಿ ತಂತಿ ತೆಳ್ಳಗೇ ಬಿಟ್ಟರೆ ಸುಡುವ ಸರದಿ ತಂತಿಯದು.

ತಂತಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಬಾನೆಟ್‌ನಿಂದ ಹಿಂಭಾಗಕ್ಕೆ ಐದು ಮೀಟರ್, ಮರಳಿ ಐದು, ಒಟ್ಟು ಹತ್ತು ಮೀಟರ್ ತಾಮ್ರ. 38 ಆಂಪಿಯರಿಗೆ 6 ಚದರ ಮಿಲಿಮೀಟರ್ ತಂತಿಯಲ್ಲಿ ಸುಮಾರು 1.1 ವೋಲ್ಟ್ ಕಳೆದುಹೋಗುತ್ತದೆ, 16ರಲ್ಲಿ 0.4. ಮನೆ ವೈರಿಂಗ್‌ನಲ್ಲಿ ಉಳಿದ ತುಂಡು ತಂದು ಹಾಕಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಎಲ್ಲವೂ ಸರಿಯಿದ್ದೂ ಬ್ಯಾಟರಿ ತುಂಬದಿದ್ದರೆ ಗಡಿಯಾರ ನೋಡಿ. ಖಾಲಿಯಾದ 100 ಆಂಪಿಯರ್-ಗಂಟೆಯ ಬ್ಯಾಟರಿಗೆ 20 ಆಂಪಿಯರಿನ ಚಾರ್ಜರ್ ಐದು ಗಂಟೆ ತೆಗೆದುಕೊಳ್ಳುತ್ತದೆ. ಮಡಿಕೇರಿಯಿಂದ ಕುಶಾಲನಗರಕ್ಕೆ ಮುಕ್ಕಾಲು ಗಂಟೆ ಓಡಿಸಿದರೆ ಸೇರುವುದು 15 ಆಂಪಿಯರ್-ಗಂಟೆ ಮಾತ್ರ.

ಸೋಲಾರ್ ಇದ್ದವರಿಗೆ ಒಂದೇ ಮಾತು. ಸಿಲ್ವರ್ ಓಕ್ ನೆರಳಿನಲ್ಲಿ ನಿಲ್ಲಿಸಿ ಕಂಟ್ರೋಲರನ್ನು ಬೈಯಬೇಡಿ. ಬಯಲಿಗೆ ತಂದು ಅಳೆಯಿರಿ. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಇದರ ತಿರುವುಮುರುವು.

## ಹಂತ 5: ಲೋಡ್ ಹಾಕಿ ಅಳೆಯುವುದು

ಎಲ್ಲರೂ ಬಿಟ್ಟುಬಿಡುವ ಹಂತ ಇದು, ಅತಿ ಹೆಚ್ಚು ದೋಷ ಸಿಗುವುದೂ ಇಲ್ಲೇ. ಲೋಡ್ ಇಲ್ಲದಾಗ ಕೆಟ್ಟ ಜೋಡಣೆಯೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕರೆಂಟ್ ಹರಿದಾಗಲೇ ಅದರ ಬಣ್ಣ ಬಯಲಾಗುವುದು.

ಫ್ರಿಜ್‌ಗೆ ಹೋಗುವ ತಂತಿಯ ತುದಿಯಲ್ಲಿ ಎರಡು ಹೆಡ್‌ಲೈಟ್ ಬಲ್ಬುಗಳನ್ನು ಸಮಾಂತರವಾಗಿ (ಪ್ಯಾರಲೆಲ್) ಹಚ್ಚಿ. ಒಂಬತ್ತು ಆಂಪಿಯರ್ ಹರಿಯುತ್ತದೆ. ಬಲ್ಬುಗಳನ್ನು ಕಲ್ಲಿನ ಮೇಲಿಡಿ, ಗೋಣಿಚೀಲದ ಮೇಲಲ್ಲ. ಈಗ ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ, ಒಂದೊಂದೇ ಜೋಡಣೆಯ ಎರಡು ಬದಿಗೆ ಕಡ್ಡಿ ಇಡುತ್ತ ಹೋಗಿ: ಬ್ಯಾಟರಿಯ ಬೋಲ್ಟಿನಿಂದ ಲಗ್‌ಗೆ, ಲಗ್‌ನಿಂದ ತಂತಿಗೆ, ಫ್ಯೂಸಿನ ಈ ಬದಿಯಿಂದ ಆ ಬದಿಗೆ, ಸ್ವಿಚ್ಚಿನ ಎರಡು ಕಡೆಗೆ. ಒಳ್ಳೆಯ ಬೋಲ್ಟ್ ಜೋಡಣೆಯಲ್ಲಿ ಒಂದೆರಡು ಮಿಲಿವೋಲ್ಟ್ ಬಂದರೆ ಹೆಚ್ಚು. ಫ್ಯೂಸಿನಲ್ಲಿ ಸ್ವಲ್ಪ ಜಾಸ್ತಿ ಇರುತ್ತದೆ. ಒಂದೇ ಜೋಡಣೆಯಲ್ಲಿ 90 ಮಿಲಿವೋಲ್ಟ್ ಬಂದರೆ ಅಲ್ಲಿ ಹತ್ತು ಮಿಲಿಓಮ್ ಅಡ್ಡಿಯಿದೆ. ಕೇಳಲು ಏನೂ ಅಲ್ಲ. ಆದರೆ ಅದೇ ಜೋಡಣೆಯಲ್ಲಿ ನಾಳೆ 40 ಆಂಪಿಯರ್ ಹರಿದರೆ 16 ವಾಟ್ ಬಿಸಿ ಹುಟ್ಟುತ್ತದೆ, ಅಂದರೆ ಒಂದು ಸಣ್ಣ ಸೋಲ್ಡರಿಂಗ್ ಐರನ್ ಅನ್ನು ಪ್ಲಾಸ್ಟಿಕ್ ಹೋಲ್ಡರಿನೊಳಗೆ ಬಿಟ್ಟ ಹಾಗೆ.

ಮಾಂದಲಪಟ್ಟಿಗೆ ಓಡುವ ಜೀಪೊಂದು ನನ್ನ ಬಳಿಗೆ ಬಂದಿತ್ತು. ಫ್ರಿಜ್ ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ಬೇರೆ ಊರಿನ ಅಂಗಡಿಯವರು ಹೊಸ ಬ್ಯಾಟರಿ ಹಾಕಿ ಕಳುಹಿಸಿದ್ದರು, ಆಮೇಲೂ ಅದೇ ಕಥೆ. ಅಳೆದಾಗ ಫ್ಯೂಸ್ ಹೋಲ್ಡರಿನಲ್ಲಿ ಮುಕ್ಕಾಲು ವೋಲ್ಟ್ ಕಳೆದುಹೋಗುತ್ತಿತ್ತು. ಬ್ಲೇಡಿಗೆ ಕಿಲುಬು ಹಿಡಿದಿತ್ತು. ಹೋಲ್ಡರ್ ಬದಲಿಸಿದೆ, ಫ್ರಿಜ್ ಓಡಿತು. ಹಳೆಯ ಬ್ಯಾಟರಿಯನ್ನು ಅವರು ಅಂಗಡಿಯಲ್ಲೇ ಬಿಟ್ಟು ಬಂದಿದ್ದರು.

ಮೈನಸ್ ದಾರಿಯನ್ನೂ ಹೀಗೆಯೇ ಅಳೆಯಿರಿ. ಅರ್ತ್ ಬೋಲ್ಟನ್ನು ಬಣ್ಣದ ಮೇಲೇ ಬಿಗಿದಿದ್ದರೆ ನಮ್ಮ ಮಳೆಯಲ್ಲಿ ಒಂದು ವರ್ಷಕ್ಕೇ ಅಡಿಯಲ್ಲಿ ತುಕ್ಕು ಹಿಡಿಯುತ್ತದೆ. ಬಿಚ್ಚಿ, ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲಿನಿಂದ ಗ್ರೀಸ್ ಅಥವಾ ಬಣ್ಣ ಬಳಿಯಿರಿ. ಟರ್ಮಿನಲ್ ಮೇಲೆ ಲಗ್ ನೇರವಾಗಿ ಕೂರಬೇಕು, ವಾಷರ್ ಅದರ ಮೇಲೆ. ವಾಷರನ್ನು ಲಗ್‌ನ ಅಡಿಗೆ ಹಾಕಿದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಆಗ ಕರೆಂಟೆಲ್ಲ ಆ ತೆಳು ಉಕ್ಕಿನ ಬಳೆಯ ಮೂಲಕವೇ ಹೋಗಬೇಕು.

ಬಲ್ಬ್ ಉರಿಯುತ್ತಿರುವಾಗಲೇ ತಂತಿಗಳನ್ನು ಒಂದೊಂದಾಗಿ ಅಲುಗಾಡಿಸಿ. ಬೆಳಕು ಮಿನುಗಿದರೆ ತೋಟದ ರಸ್ತೆಯ ಕುಲುಕಾಟಕ್ಕೆ ಯಾವುದು ಸೋತಿದೆ ಎಂದು ಸಿಕ್ಕಿತು.

ಇನ್ವರ್ಟರ್ ಕೈಕೊಡುತ್ತಿದ್ದರೆ ಲಕ್ಷಣ ಗಮನಿಸಿ. ಇನ್ವರ್ಟರ್ ಮಾತ್ರ ಕೂಗಿ ನಿಂತು ದೀಪಗಳು ಉರಿಯುತ್ತಿದ್ದರೆ ಅದರ ತಂತಿ ಅಥವಾ ಜೋಡಣೆಯಲ್ಲಿ ವೋಲ್ಟೇಜ್ ಕುಸಿಯುತ್ತಿದೆ. ದೀಪವೂ ಸೇರಿ ಎಲ್ಲವೂ ಒಮ್ಮೆಗೇ ಆರಿದರೆ ಬಾಗಿಲು ಹಾಕಿದ್ದು ಬಿಎಂಎಸ್ ಅಥವಾ ಹೋದದ್ದು ಮುಖ್ಯ ಫ್ಯೂಸ್. 1000 ವಾಟ್ ಎಳೆದರೆ ಬ್ಯಾಟರಿಯಿಂದ 90 ಆಂಪಿಯರ್ ದಾಟುತ್ತದೆ. ಮಿಕ್ಸಿ, ಪಂಪ್ ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. 100 ಆಂಪಿಯರಿನ ಬಿಎಂಎಸ್ ಅಷ್ಟನ್ನು ತಾಳಲಾರದೆ ಬಾಗಿಲು ಹಾಕಬಹುದು.

ಫ್ರಿಜ್‌ನ ಬ್ಯಾಟರಿ ರಕ್ಷಣೆಯ ಸೆಟ್ಟಿಂಗನ್ನೂ ನೋಡಿಬಿಡಿ. ಅತಿ ಮೇಲಿನ ಮಟ್ಟ ಇರುವುದು ಎಂಜಿನ್ ಬ್ಯಾಟರಿಯನ್ನು ಕಾಪಾಡಲು. ಪ್ರತ್ಯೇಕ ಲಿಥಿಯಂ ಇರುವವರಿಗೆ ಅದು ಬೇಕಿಲ್ಲ.

## ಹಂತ 6: ಸೆಲ್‌ಗಳ ನಡುವಿನ ಅಂತರ

ಸುತ್ತಲಿನದೆಲ್ಲ ಸರಿಯಿದೆ ಎಂದಾದ ಮೇಲೆ ಮಾತ್ರ ಬ್ಯಾಟರಿಯ ಒಳಗೆ ಇಣುಕಿ. ಅರ್ಧ ಚಾರ್ಜ್‌ನಲ್ಲಿ, ಲೋಡ್ ಇಲ್ಲದೆ, ನಾಲ್ಕು ಸೆಲ್‌ಗಳ ಅಂತರ ಇಪ್ಪತ್ತು ಮಿಲಿವೋಲ್ಟಿನ ಒಳಗಿದ್ದರೆ ನಿಶ್ಚಿಂತೆ. ಪೂರ್ತಿ ತುಂಬುವ ಹೊತ್ತಿನಲ್ಲಿ ನೂರು ಕಂಡರೂ ಗಾಬರಿ ಬೇಡ. ಆದರೆ ಒಂದೇ ಸೆಲ್ 3.65 ಮುಟ್ಟಿ, ಉಳಿದವು 3.4ರಲ್ಲಿರುವಾಗಲೇ ಚಾರ್ಜ್ ನಿಲ್ಲುತ್ತಿದ್ದರೆ ಸಮತೋಲನ ತಪ್ಪಿದೆ. 14.0ರಿಂದ 14.2 ವೋಲ್ಟಿನಲ್ಲಿ, ಒಂದೆರಡು ಆಂಪಿಯರ್ ಮಾತ್ರ ಕೊಟ್ಟು ಕೆಲವು ಗಂಟೆ ಹಿಡಿದಿಡಿ. ಅಂತರ ಕರಗುತ್ತ ಬಂದರೆ ಅದು ರೋಗವಲ್ಲ, ಬಹಳ ದಿನದಿಂದ ಪೂರ್ತಿ ಚಾರ್ಜ್ ಕಾಣದ ಬ್ಯಾಟರಿ. ಒಂದೇ ಸೆಲ್ ಚಾರ್ಜಿನಲ್ಲಿ ಎಲ್ಲಕ್ಕಿಂತ ಮೊದಲು ತುಂಬಿ, ಲೋಡಿನಲ್ಲಿ ಎಲ್ಲಕ್ಕಿಂತ ಮೊದಲು ಬಿದ್ದರೆ ಆ ಸೆಲ್ ಸೊರಗಿದೆ.

ಚಳಿಗೆ ಚಾರ್ಜ್ ನಿಂತಿರಬಹುದೇ ಎಂದು ಕೇಳುವವರಿದ್ದಾರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು ಎಂಬುದು ನಿಜ, ಆದರೆ ನಮ್ಮ ಜನವರಿಯ ಬೆಳಗು ಅಷ್ಟು ಕೆಳಗೆ ಹೋಗುವುದಿಲ್ಲ. ನಮಗೆ ಬಾಧಿಸುವುದು ಬಿಸಿ. ಬ್ಯಾಟರಿಯನ್ನು ಬಾನೆಟ್‌ನೊಳಗೆ ಎಂಜಿನ್ ಪಕ್ಕ ಕೂರಿಸಿದ್ದರೆ ಅಲ್ಲಿಂದ ತೆಗೆಯಿರಿ.

## ಹಂತ 7: ಸಾಮರ್ಥ್ಯದ ಪರೀಕ್ಷೆ

ಇದಕ್ಕೆ ಒಂದು ದಿನ ಬಿಡುವು ಬೇಕು. ಬ್ಯಾಟರಿಯನ್ನು 14.4 ವೋಲ್ಟ್‌ವರೆಗೆ ತುಂಬಿಸಿ, 100 ಆಂಪಿಯರ್-ಗಂಟೆಯದಾದರೆ ಕರೆಂಟ್ ಐದು ಆಂಪಿಯರಿಗಿಂತ ಕೆಳಗೆ ಇಳಿಯುವವರೆಗೆ ಬಿಡಿ. ಒಂದು ಗಂಟೆ ತಣಿಯಲಿ. ನಾಲ್ಕು ಹೆಡ್‌ಲೈಟ್ ಬಲ್ಬ್ ಹಚ್ಚಿದರೆ ಹದಿನೆಂಟು ಆಂಪಿಯರ್ ಆಗುತ್ತದೆ. ಪ್ರತಿ ಅರ್ಧ ಗಂಟೆಗೆ ಕರೆಂಟ್ ಬರೆದುಕೊಳ್ಳಿ ಅಥವಾ ಶಂಟ್ ಮಾನಿಟರಿಗೆ ಲೆಕ್ಕ ಬಿಡಿ. 11 ವೋಲ್ಟಿಗೆ ಬಂದಾಗ, ಇಲ್ಲವೇ ಯಾವುದಾದರೂ ಸೆಲ್ 2.7ಕ್ಕೆ ಬಂದಾಗ ನಿಲ್ಲಿಸಿ. ಕೊನೆಯ ಹತ್ತು ನಿಮಿಷ ಪಕ್ಕದಲ್ಲೇ ಇರಿ, ಆ ಇಳಿತ ಕಡಿದಾದ ಇಳಿತ.

ಐದೂವರೆ ಗಂಟೆಯ ಹತ್ತಿರ ಬಂದರೆ ಬ್ಯಾಟರಿ ಹೊಸದರಂತಿದೆ. ನಾಲ್ಕೂವರೆ ಬಂದರೂ ನಾನು ಬದಲಿಸೆನ್ನುವುದಿಲ್ಲ. ಮೂರು ಗಂಟೆಗೇ ಬಿದ್ದರೆ ಸೆಲ್‌ಗಳ ಅಂಕಿಗಳನ್ನೂ ಈ ಲೆಕ್ಕವನ್ನೂ ಬರೆದು, ವಾರಂಟಿ ಇರುವಾಗಲೇ ಮಾರಿದವರ ಬಳಿಗೆ ಒಯ್ಯಿರಿ. "ಸರಿಯಿಲ್ಲ" ಎಂದರೆ ಅವರು ಒಂದು ಗಂಟೆ ಚಾರ್ಜ್ ಮಾಡಿ ಹಿಂದಿರುಗಿಸುತ್ತಾರೆ. ಅಂಕಿ ಇಟ್ಟರೆ ಮಾತು ಬೇರೆಯಾಗುತ್ತದೆ. ಪೆಟ್ಟಿಗೆಯನ್ನು ನೀವಾಗಿ ತೆರೆದರೆ ವಾರಂಟಿ ಹೋಯಿತು.

## ಹಂತ 8: ಸದ್ದಿಲ್ಲದ ಸೋರಿಕೆ, ಮಳೆಗಾಲದ ವಿಶ್ರಾಂತಿ

ಎಲ್ಲ ಸ್ವಿಚ್ ಆರಿಸಿ, ಬ್ಯಾಟರಿಯ ಮೈನಸ್ ಲಗ್ ಬಿಚ್ಚಿ, ಲಗ್ ಮತ್ತು ಟರ್ಮಿನಲ್ ನಡುವೆ ಮೀಟರನ್ನು ಆಂಪಿಯರ್ ತೂತಿಗೆ ಹಾಕಿ ಹಿಡಿಯಿರಿ. ಇನ್ವರ್ಟರ್ ಇದ್ದರೆ ಅದನ್ನು ಮೊದಲೇ ಕಳಚಿಡಿ. ಅದರೊಳಗಿನ ಕೆಪಾಸಿಟರ್ ತುಂಬುವ ಕ್ಷಣದ ಕರೆಂಟ್ ಮೀಟರಿನ ಫ್ಯೂಸ್ ತಿನ್ನುತ್ತದೆ. ಅಳತೆ ಮುಗಿದ ತಕ್ಷಣ ಕೆಂಪು ಕಡ್ಡಿಯನ್ನು ವೋಲ್ಟ್ ತೂತಿಗೆ ಮರಳಿಸಿ. ಮರೆತು ಹಾಗೆಯೇ ಟರ್ಮಿನಲ್‌ಗಳ ಮೇಲೆ ವೋಲ್ಟ್ ನೋಡಲು ಹೋದರೆ ಅದು ನೇರ ಶಾರ್ಟ್. ಇದನ್ನು ನಾನೂ ಒಮ್ಮೆ ಮಾಡಿ ಒಂದು ಮೀಟರ್ ಕಳೆದುಕೊಂಡಿದ್ದೇನೆ.

ಯುಎಸ್‌ಬಿ ಸಾಕೆಟ್, ವೋಲ್ಟ್ ತೋರಿಸುವ ಪುಟ್ಟ ಡಿಸ್‌ಪ್ಲೇ, ಬ್ಲೂಟೂತ್ ಎಲ್ಲ ಸೇರಿ 50 ಮಿಲಿಆಂಪಿಯರ್ ಆಗುವುದು ಸುಲಭ. ದಿನಕ್ಕೆ 1.2 ಆಂಪಿಯರ್-ಗಂಟೆ. ಜೂನ್ 1ರಿಂದ ಸೆಪ್ಟೆಂಬರ್ 3ರವರೆಗೆ 94 ದಿನ, ಒಟ್ಟು 113. ನಿಮ್ಮ ಬ್ಯಾಟರಿ ನೂರರದು. ಮಳೆ ಹಿಂದೆ ಸರಿದಾಗ ಬರುವ ಆ ಕರೆಗಳಲ್ಲಿ ಕೆಲವಕ್ಕೆ ಮೂಲ ಇದು.

ಹಾಗಾಗಿ ವಾಹನ ಒಳಗೆ ಹಾಕುವಾಗ ಬ್ಯಾಟರಿಯನ್ನು ಅರ್ಧದಿಂದ ಅರವತ್ತು ಶೇಕಡಾದಷ್ಟು ಚಾರ್ಜ್‌ನಲ್ಲಿಡಿ, ಪೂರ್ತಿ ತುಂಬಿಸಿ ಇಡಬೇಡಿ. ಪ್ಯಾನೆಲ್ ಕಳಚಿ, ಮೈನಸ್ ಲಗ್ ಬಿಚ್ಚಿ ಟೇಪ್ ಸುತ್ತಿ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯ ನಡುವೆ ಒಮ್ಮೆ ಟರ್ಮಿನಲ್ ವೋಲ್ಟೇಜ್ ನೋಡಿ; 13ಕ್ಕಿಂತ ಕೆಳಗಿದ್ದರೆ ಸ್ವಲ್ಪ ಚಾರ್ಜ್ ಕೊಡಿ. ಸ್ಟೀರಿಂಗ್‌ಗೆ ಒಂದು ಚೀಟಿ ಕಟ್ಟಿ: "ಎರಡನೇ ಬ್ಯಾಟರಿ ಬಿಚ್ಚಿದೆ." ಇಲ್ಲವಾದರೆ ಹಬ್ಬದ ಹಿಂದಿನ ದಿನ ಮನೆಯವರು ಯಾರಾದರೂ ಹತ್ತು ಕಿಲೋ ಹಂದಿಮಾಂಸ ತಂದು ಜೀಪಿನ ಫ್ರಿಜ್‌ನಲ್ಲಿ ತುಂಬಿಸಿ, ಬಾಗಿಲು ಹಾಕಿ ಹೋಗುತ್ತಾರೆ.